ಮುಚ್ಚಳದ ಒಳಗಿನ ಬೇವಿನೆಲೆ

ಹೋದ ವಾರ ಒಂದು ರವಿಕೆ ಬಟ್ಟೆಯ ಮೇಲೆ ನನ್ನ ಹೊಲಿಗೆ ಮಿಷನ್ನಿನ ಎಣ್ಣೆ ಬಿತ್ತು. ಮದುವೆಗೆಂದು ಹೊಲಿಯಲು ಕೊಟ್ಟಿದ್ದ ರೇಷ್ಮೆ, ತಿಳಿ ಹಳದಿ ಬಣ್ಣದ್ದು. ಇಂಥ ಕಲೆಗೆ ನೀರು ಮುಟ್ಟಿಸಬಾರದು. ಹತ್ತಿಯ ಉಂಡೆಗೆ ನಾಲ್ಕು ಹನಿ ಪೆಟ್ರೋಲು ಹಾಕಿಕೊಂಡು, ಕಲೆಯ ಅಂಚಿನಿಂದ ನಡುವಿಗೆ ಮೆಲ್ಲಗೆ ಒತ್ತುತ್ತ ಬರಬೇಕು. ಹಾಗೇ ಮಾಡಿದೆ, ಕಲೆ ಹೋಯಿತು. ವಾಸನೆ ಮಾತ್ರ ಅಂಗಡಿಯಲ್ಲೇ ನಿಂತುಕೊಂಡಿತು. ಬಟ್ಟೆಯನ್ನು ಒಣಗಲು ಹರಡಿ, ಪ್ಲೈವುಡ್ ಗೋಡೆಯ ಕಡೆ ತಿರುಗಿ, "ಅಣ್ಣಾ, ಕಾಫಿ ಹೇಳ್ಲಾ?" ಎಂದು ಕೇಳುವುದರಲ್ಲಿದ್ದೆ... ಗೋಡೆಯ ಆಚೆ ಈಗ ಮೊಬೈಲ್ ಕವರ್ ಮಾರುವವರಿದ್ದಾರೆ.

ಹೀಗೆ ಕಲೆ ತೆಗೆಯುವುದನ್ನು ನನಗೆ ಹೇಳಿಕೊಟ್ಟವರು ಆ ಗೋಡೆಯ ಆಚೆ ಮೂವತ್ತು ವರ್ಷ ಕೂತಿದ್ದ ವಾಚು ರಿಪೇರಿಯ ಆಚಾರ್ರು. ಅವರು ವಾಚಿನ ಸಣ್ಣ ಸಣ್ಣ ಚಕ್ರಗಳನ್ನು ಗಾಜಿನ ಬಟ್ಟಲಿನ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದರು. ಬೆಳಿಗ್ಗೆ ಅಂಗಡಿ ತೆಗೆದ ಅರ್ಧ ಗಂಟೆಗೆಲ್ಲ ಆ ವಾಸನೆ ಪ್ಲೈವುಡ್ಡಿನ ಸಂದಿಯಿಂದ ನನ್ನ ಕಡೆಗೆ ಬರುತ್ತಿತ್ತು. ಬಂದರೆ ಅಣ್ಣ ಕೆಲಸಕ್ಕೆ ಕೂತರು ಎಂದು ಅರ್ಥ.

ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನಿಂದ ಪೇಟೆಯ ಒಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಮಳಿಗೆಯನ್ನು ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದರು. ಅಗಲದ ಭಾಗ ನನಗೆ ಸಿಕ್ಕಿತ್ತು. ಅವರ ಭಾಗದಲ್ಲಿ ಒಬ್ಬರು ಕೂರಬಹುದಿತ್ತು, ಎದುರಿಗೆ ಇನ್ನೊಬ್ಬರು ನಿಲ್ಲಬಹುದಿತ್ತು. ಗೋಡೆಯ ಮೇಲೆ ಏಳೆಂಟು ಗಡಿಯಾರ, ಒಂದೊಂದೂ ಒಂದೊಂದು ಸಮಯ ತೋರಿಸುತ್ತಿತ್ತು. "ಅಣ್ಣ, ಇದ್ರಲ್ಲಿ ಯಾವ್ದು ಸರಿ?" ಎಂದು ಯಾರಾದರೂ ಕೇಳಿದರೆ, "ಎಲ್ಲಾವೂ ಆಸ್ಪತ್ರೆಗೆ ಸೇರಿರೋವು. ಟೈಮ್ ಬೇಕಾದ್ರೆ ಇಲ್ಲಿ ನೋಡಪ್ಪ" ಎಂದು ತಮ್ಮ ಕೈ ಚಾಚುತ್ತಿದ್ದರು.

ಅವರದು ಅಕ್ಕಸಾಲಿಗರ ಮನೆತನ. ಅವರ ಅಪ್ಪ ಸುತ್ತಿನ ಹಳ್ಳಿಗಳಿಗೆಲ್ಲ ತಾಳಿ, ಓಲೆ ಮಾಡಿಕೊಡುತ್ತಿದ್ದರಂತೆ. ಒಡವೆಯ ದೊಡ್ಡ ಅಂಗಡಿಗಳು ಬಂದ ಮೇಲೆ ಮನೆಯ ಕೆಲಸ ಕಡಿಮೆಯಾಗಿ, ಇವರು ಅದೇ ಚಿಮುಟ, ಅದೇ ಕಣ್ಣು ಇಟ್ಟುಕೊಂಡು ವಾಚಿಗೆ ಬಂದರು. ಅಪ್ಪನಿಂದ ಒಂದು ಪದ್ಧತಿಯನ್ನು ಮಾತ್ರ ಹಾಗೇ ತಂದಿದ್ದರು. ಅಪ್ಪ ತಾವು ಮಾಡಿದ ತಾಳಿಯ ಹಿಂಬದಿಗೆ ಸೂಜಿಯಲ್ಲಿ ಒಂದು ಪುಟ್ಟ ಬೇವಿನೆಲೆ ಕೊರೆಯುತ್ತಿದ್ದರು. ಇವರು ರಿಪೇರಿ ಮಾಡಿದ ಪ್ರತಿ ವಾಚಿನ ಹಿಂದಿನ ಮುಚ್ಚಳದ ಒಳಮೈಗೆ ಅದೇ ಎಲೆ ಕೊರೆಯುತ್ತಿದ್ದರು. ನಾಲ್ಕು ಗೀರು, ಪಕ್ಕದಲ್ಲಿ ತಿಂಗಳು, ವರ್ಷ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇಲ್ಲದೆ ಅದು ಕಾಣುತ್ತಲೇ ಇರಲಿಲ್ಲ.

ನನ್ನ ಯಜಮಾನರು ಬಸ್ಸಿನ ಕಂಡಕ್ಟರಾಗಿದ್ದರು. ಅವರು ತೀರಿಕೊಂಡ ಮೇಲೆ ಅವರ ಕೀ ಕೊಡುವ ವಾಚು ಬೀರುವಿನಲ್ಲಿ ನಿಂತುಹೋಗಿತ್ತು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ, ಆಗಿನ ಕಾಲದ ಎಲ್ಲರ ಕೈಯಲ್ಲೂ ಇದ್ದ ಸಾಧಾರಣ ವಾಚು. ತಿಂಗಳು ಕಳೆದು ಅಂಗಡಿಗೆ ಬಂದ ದಿನ ಅದನ್ನು ಆಚಾರ್ರ ಮುಂದೆ ಇಟ್ಟೆ. ಅವರು ತೊಳೆದು, ಎಣ್ಣೆ ಹಾಕಿ, ಮುಚ್ಚಳದ ಒಳಗೆ ಎಲೆ ಕೊರೆದು, ಭೂತಗನ್ನಡಿ ಕೊಟ್ಟು ತೋರಿಸಿದರು.

"ಇದ್ಯಾಕಣ್ಣ?" ಎಂದು ಕೇಳಿದೆ.

"ನಾನ್ ಬಿಚ್ಚಿ ಮುಚ್ಚಿದೀನಿ ಅಂತ. ಕೆಟ್ರೆ ಬ್ಯಾರೆ ಕಡೆ ತಕ್ಕೊಂಡೋಗಿ ಬೈಸ್ಕಬ್ಯಾಡ, ನನ್ತಾವ್ಕೇ ತತ್ತಾ ಅಂತ." ಮುಚ್ಚಳ ತಿರುಗಿಸುತ್ತ ಹೇಳಿದರು, "ಸಾಕು ನೋಡಿದ್ದು, ದೂಳು ಬೀಳ್ತದೆ."

ಆಮೇಲೆ ಪ್ರತಿ ವರ್ಷ ಅದೇ ತಿಂಗಳು ಗೋಡೆಯ ಆಚೆಯಿಂದ, "ವಾಚ್ ಕೊಡವ್ವ, ಎಣ್ಣೆ ಕುಡಿಸ್ತೀನಿ" ಎಂದು ಕೂಗುತ್ತಿದ್ದರು. ನಾನು ಕೈಯಿಂದ ಬಿಚ್ಚಿ ಕೊಡುತ್ತಿದ್ದೆ. ಯಾವ ತಿಂಗಳು ಎಂದು ಅವರು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಅದಕ್ಕೆ ಪ್ರತಿಯಾಗಿ ಅವರ ಅಂಗಿಯ ಗುಂಡಿ, ಕಾಲರು ನನ್ನ ಪಾಲಿನ ಕೆಲಸ.

ನಮ್ಮ ರಸ್ತೆಗೆ ದುಬಾರಿ ವಾಚುಗಳು ಬರಲು ಶುರುವಾದದ್ದು ಬೂಕನಕೆರೆ ಕಡೆಯ ಒಬ್ಬ ಗೌಡರಿಂದ. ಲೇಔಟು ಮಾಡಿ ಸೈಟು ಮಾರುವ ಮನುಷ್ಯ, ಒಳ್ಳೆಯ ನಗುಮುಖ. ಒಂದು ಮಧ್ಯಾಹ್ನ ಕಾರು ನಿಲ್ಲಿಸಿ, ಹಸಿರು ಪೆಟ್ಟಿಗೆಯೊಂದನ್ನು ಮಗು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಬಂದರು. ಒಳಗೆ ಸ್ವಿಸ್ ವಾಚು. ಅದರ ಸ್ಟೀಲಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೂಡ ತೆಗೆದಿರಲಿಲ್ಲ.

"ಆಚಾರ್ರೇ, ನಿಂತೋಗದೆ. ಬೆಂಗಳೂರ್ಗೆ ತಕ್ಕೊಂಡೋದ್ರೆ ತಿಂಗ್ಳು ಮಡಿಕ್ಕತಾರೆ. ವಸಿ ನೋಡಿ."

ಬೆಲೆ ಕೇಳಿ ನನ್ನ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತುಹೋಯಿತು. ಅದಕ್ಕಿಂತ ಆಶ್ಚರ್ಯ, ಅದನ್ನು ಕೊಂಡ ಕಥೆ. ದುಡ್ಡು ಹಿಡಿದುಕೊಂಡು ಹೋದರೆ ಕೊಡುವುದಿಲ್ಲವಂತೆ. ಹೆಸರು ಬರೆಸಿ ಎರಡು ವರ್ಷ ಕಾಯಬೇಕಂತೆ. ಕಾಯುವಾಗ ಶೋರೂಮಿನವರಿಗೆ ನಮ್ಮ ಮೇಲೆ ವಿಶ್ವಾಸ ಬರಲಿ ಎಂದು ಬೇಡದ ವಾಚುಗಳನ್ನೂ ಕೊಳ್ಳಬೇಕಂತೆ. "ನಮ್ಮೆಂಡ್ರಿಗೊಂದು, ಬಾಮೈದಂಗೊಂದು ತಗೊಂಡ್ ಮೇಲೆ ಇದುನ್ನ ಕೊಟ್ರು. ಆದ್ರೆ ಒಂದ್ ಯೋಳ್ತೀನಿ ಕೇಳಿ, ಅಂಗಡಿ ಬಾಗ್ಲು ದಾಟ್ತಿದ್ದಂಗೆ ಇದ್ರ ರೇಟು ಡಬಲ್ಲು."

ಆಚಾರ್ರು ತಲೆ ಎತ್ತಿದರು. "ಅಂಗಾದ್ರೆ ಇದು ವಾಚಲ್ಲ ಬುಡಿ ಗೌಡ್ರೇ. ಸೈಟು."

ಗೌಡರು ಆಚಾರ್ರ ಮುಂದಿನ ಗಾಜಿನ ಪೆಟ್ಟಿಗೆ ಹಿಡಿದುಕೊಂಡು ನಕ್ಕರು. ಆಚಾರ್ರು ವಾಚನ್ನು ಕಿವಿಗೆ ಹಿಡಿದು, "ಎಲ್ಲಿ ಮಡಗಿದ್ರಿ?" ಎಂದು ಕೇಳಿದರು.

"ಬ್ಯಾಂಕ್ ಲಾಕರ್ರು."

"ಲಾಕರ್ನಲ್ಲಿ ಕೂತ್ರೆ ನೀವೇ ನಿಂತೋಯ್ತೀರಿ. ಇದು ಕೈ ಆಡುದ್ರೆ ತಾನೇ ಕೀ ತುಂಬ್ಕಳೋ ವಾಚು. ಕಟ್ಕೊಂಡು ಬಸ್ ಸ್ಟ್ಯಾಂಡ್ ಗಂಟ ಒಂದ್ ರೌಂಡ್ ನಡ್ಕೊಂಡ್ ಬನ್ನಿ."

ಗೌಡರು ಕೈ ಬೀಸಿಕೊಂಡು ಹೋದರು, ಬಂದರು. ಸೆಕೆಂಡಿನ ಮುಳ್ಳು ಎಣ್ಣೆಯಲ್ಲಿ ಜಾರಿದ ಹಾಗೆ ತಿರುಗುತ್ತಿತ್ತು. ಆಗ ಅವರಿಗೆ ಆದ ಖುಷಿ ವಾಚು ಕೊಂಡಾಗಲೂ ಆಗಿರಲಿಕ್ಕಿಲ್ಲ. ಮೊಬೈಲು ತೆಗೆದು ಅಲ್ಲೇ ವಿಡಿಯೊ ಮಾಡಿದರು. ಅದರಲ್ಲಿ ಆಚಾರ್ರು ತಮ್ಮ ಕೆಲಸದ ಬಗ್ಗೆ ಹೇಳುತ್ತ ಎಲೆಯ ವಿಷಯವನ್ನೂ ಹೇಳಿದರು. "ನನ್ನ ಎಲೆ ಇದ್ರೆ ಭಯ ಬುಡಿ. ಕೆಟ್ರೆ ನನ್ತಾವ್ಕೆ ತನ್ನಿ, ಸರಿ ಮಾಡ್ಕೊಡ್ತೀನಿ." ಗೌಡರು ಹಾಕಿದ್ದು ಪೂರ್ತಿ ವಿಡಿಯೊ. ಆದರೆ ಊರೂರು ಸುತ್ತುವಾಗ ಯಾರೋ ಅದನ್ನು ಚಿಕ್ಕದು ಮಾಡಿದರು. ಪಾಂಡವಪುರದಿಂದ ನನ್ನ ತಂಗಿ ನನಗೇ ಕಳಿಸಿದ ತುಣುಕಿನಲ್ಲಿ ಉಳಿದಿದ್ದು ಇಷ್ಟೇ, "ನನ್ನ ಎಲೆ ಇದ್ರೆ ಭಯ ಬುಡಿ." ಹಿಂದೆ ಒಂದು ಹಾಡು ಬೇರೆ.

ತಿಂಗಳೊಳಗೆ ನಮ್ಮ ರಸ್ತೆಯ ಬದಿಯಲ್ಲಿ ಕಾರುಗಳು ನಿಲ್ಲತೊಡಗಿದವು. ನಾಗಮಂಗಲದಿಂದ, ಮಂಡ್ಯದಿಂದ, ಮೈಸೂರಿನಿಂದ. ಆಚಾರ್ರ ಕಡೆ ಜಾಗವಿಲ್ಲದೆ ಜನ ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಗಂಡಸರನ್ನು ನೋಡಿ ಮುಖ ಸಿಂಡರಿಸುತ್ತಿದ್ದರು. ಅವರ ಮಾತು ಕೇಳಿ ಕೇಳಿ ನನಗೂ ಒಂದಿಷ್ಟು ಗೊತ್ತಾಯಿತು. ನೀಲಿ ಡಯಲ್ಲು ಹೋದ ತಿಂಗಳು ಏರಿತಂತೆ, ಹಸಿರು ಈ ತಿಂಗಳು ಏರುತ್ತದಂತೆ, ಯಾವನೋ ಕ್ರಿಕೆಟ್ಟಿನವನು ಕಟ್ಟಿಕೊಂಡ ಮೇಲೆ ಕಂದು ಬಣ್ಣದ್ದು ಸಿಗುವುದೇ ಇಲ್ಲವಂತೆ. ಒಂದು ಸಲ ನಾನು, "ಅದ್ರಲ್ಲಿ ಟೈಮ್ ಚೆನ್ನಾಗಿ ತೋರಿಸ್ತದಾ?" ಎಂದು ಕೇಳಿದೆ. ಬೆಂಚಿನ ಮೇಲಿದ್ದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಗೆಂದು ಆಚಾರ್ರು ದುಬಾರಿ ವಾಚುಗಳನ್ನು ಹೀಯಾಳಿಸುತ್ತಿದ್ದರು ಎಂದುಕೊಳ್ಳಬಾರದು. ಈಗ ಕೆಲವರು ಹಾಗೆ ಹೇಳುತ್ತಾರೆ. ಅದು ತಪ್ಪು, ನಾನು ಪಕ್ಕದಲ್ಲೇ ಕೂತು ಕಂಡಿದ್ದೇನೆ. ಯಾರೋ ತಂದ ಹಳೆಯ ಸ್ವಿಸ್ ವಾಚೊಂದನ್ನು ಬಿಚ್ಚಿದ ದಿನ ನನ್ನನ್ನು ಕೂಗಿ ಕರೆದು ಭೂತಗನ್ನಡಿ ಕೊಟ್ಟರು. ಒಳಗೆ ಅಕ್ಕಿಕಾಳಿಗಿಂತ ಸಣ್ಣ ತಗಡು, ಅದರ ಅಂಚನ್ನು ಸುತ್ತಲೂ ಓರೆಯಾಗಿ ತೀಡಿ ಕನ್ನಡಿಯಂತೆ ಮಾಡಿದ್ದರು.

"ಮುಚ್ಚಳ ಹಾಕುದ್ಮೇಲೆ ಇದು ಯಾರ್ಗೂ ಕಾಣಕಿಲ್ಲ ಕಣವ್ವ. ಆದ್ರೂ ಮಾಡವ್ನೆ. ಮಾಡ್ದೋನ್ಗೆ ಕೈ ಮುಗೀಬೇಕು."

ನನಗೆ ಅದು ತಕ್ಷಣ ಅರ್ಥವಾಯಿತು. ರವಿಕೆಯ ಒಳಹೊಲಿಗೆಯನ್ನು ಯಾರೂ ನೋಡುವುದಿಲ್ಲ. ಆದರೂ ನಾನು ದಾರದ ತುದಿ ಬಿಡುವುದಿಲ್ಲ. ನಾವಿಬ್ಬರೂ ಅಷ್ಟು ವರ್ಷ ಒಂದೇ ಗೋಡೆಗೆ ಒರಗಿ ಕೂತದ್ದು ಈ ಒಂದು ವಿಷಯಕ್ಕೇ ಇರಬೇಕು...

ಗಿರಾಕಿ ಹೆಚ್ಚಾದ ಕಾಲದಲ್ಲೇ ಮೈಸೂರಿನಿಂದ ಒಬ್ಬ ವ್ಯಾಪಾರಿ ಬರತೊಡಗಿದ. ಮೃದು ಮಾತು, ಬಂದಾಗಲೆಲ್ಲ ನನಗೂ ಸೇರಿಸಿ ಕಾಫಿ ಹೇಳುತ್ತಿದ್ದ. ಹಳೆಯ ಸ್ವಿಸ್ ವಾಚುಗಳನ್ನು ಆರು, ಎಂಟು ಒಟ್ಟಿಗೆ ತರುತ್ತಿದ್ದ. ತೊಳೆದು, ಎಣ್ಣೆ ಹಾಕಿ, ಸಮಯ ಕೂಡಿಸಿಕೊಡಬೇಕು, ಅಷ್ಟೇ ಕೆಲಸ. ಮೊದಲ ದಿನವೇ ಆಚಾರ್ರು ಹೇಳಿದ್ದು ನನಗೆ ಗೋಡೆಯ ಈ ಕಡೆ ಸ್ಪಷ್ಟವಾಗಿ ಕೇಳಿಸಿತು.

"ಒಳಗಿನ್ ಮಿಷನ್ನು ಅಳೇದು ಕಣಪ್ಪ. ಡಯಲ್ಲು ಒಸದು. ಯಾರೋ ಈಚೆಗೆ ಪ್ರಿಂಟ್ ಹಾಕವ್ರೆ."

"ಗೊತ್ತಣ್ಣ. ತಗೊಳ್ಳೋರಿಗೆ ಹೇಳೇ ಕೊಡ್ತೀನಿ."

ಆಚಾರ್ರಿಗೆ ಅಷ್ಟು ಸಾಕಾಯಿತು. ಒಂದೊಂದನ್ನೂ ಬಿಚ್ಚಿದರು, ಸರಿ ಮಾಡಿದರು, ಅಭ್ಯಾಸದಂತೆ ಒಂದೊಂದರ ಮುಚ್ಚಳದೊಳಗೂ ಎಲೆ ಕೊರೆದರು. ಬಿಚ್ಚಿ ಮುಚ್ಚಿದ ಮೇಲೆ ಎಲೆ ಹಾಕದೆ ಕೊಡುವುದು ಅವರ ಪ್ರಕಾರ ಜವಾಬ್ದಾರಿ ತಪ್ಪಿಸಿಕೊಂಡ ಹಾಗೆ. ಆ ಎಲೆಯ ಮೇಲೆ ಬೇರೆಯವರು ಬೇರೆ ಅರ್ಥ ಬರೆದುಕೊಳ್ಳುತ್ತಿದ್ದಾರೆ ಎಂದು ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ವ್ಯಾಪಾರಿ ಮುಚ್ಚಳ ತೆಗೆಸಿ ಎಲೆಯ ಫೋಟೊ ಹಿಡಿಯುವಾಗ ನಾನು ಹೆಮ್ಮೆಯಿಂದಲೇ ನೋಡುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಶ್ರೀರಂಗಪಟ್ಟಣದ ಹತ್ತಿರದ ಕಿರಂಗೂರಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಗಾಜಿನ ಪೆಟ್ಟಿಗೆಯ ಮೇಲೆ ಕರ್ಚೀಫು ಹಾಸಿ, ಅದರ ಮೇಲೆ ವಾಚು ಇಟ್ಟರು.

"ಒಳಗೆ ಎಲೆ ಅದೆ. ನಿಮ್ದೇ ತಾನೆ?"

ಆಚಾರ್ರು ಮುಚ್ಚಳ ತೆಗೆದರು. "ನಂದೇ ಸ್ವಾಮಿ."

"ಹಂಗಾದ್ರೆ ಇದು ಅಸಲಿ ತಾನೆ?"

ಆ ಪ್ರಶ್ನೆ ಕೇಳಿಸಿ ನಾನು ಎದ್ದು ಹೊರಗೆ ಬಂದೆ.

"ಮಿಷನ್ನು ಅಸಲಿ. ಡಯಲ್ಲು ಒಸದು. ಮೇಲಿನ ಕವಚ ಬ್ಯಾರೆ ಯಾವ್ದೋ ವಾಚಿಂದು."

"ಮೈಸೂರ್ನಲ್ಲೂ ಇದನ್ನೇ ಅಂದ್ರು," ಎಂದರು ಮೇಷ್ಟ್ರು. ಅವರು ಕೂಗಾಡಲಿಲ್ಲ. ಹುಡುಗನಾಗಿದ್ದಾಗ ತಮ್ಮ ಹೆಡ್ಮೇಷ್ಟ್ರ ಕೈಯಲ್ಲಿ ಇಂಥದೇ ವಾಚು ಕಂಡಿದ್ದರಂತೆ. ಪಾಠ ಕೇಳುವುದು ಬಿಟ್ಟು ಅದನ್ನೇ ನೋಡುತ್ತಿದ್ದರಂತೆ. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲು ತೆಗೆದು ಕೊಂಡಿದ್ದರು. "ಮನೇಲಿ ಬೇಡ ಅಂದ್ರು. ಆಸೆ, ತಗೊಂಡೆ. ವಾಚಿನ ವಿಷಯ ನಂಗೇನ್ ಗೊತ್ತು ಆಚಾರ್ರೆ? ನಿಮ್ಮ ವಿಡಿಯೊ ನೋಡಿದ್ದೆ. ಎಲೆ ನೋಡ್ಕೊಂಡು ತಗೊಂಡೆ."

ಆಚಾರ್ರು ಅವರ ಎದುರಿಗೇ ವ್ಯಾಪಾರಿಗೆ ಫೋನು ಮಾಡಿದರು. ಆ ಕಡೆಯ ಮೃದು ಮಾತು ನಮಗೆಲ್ಲ ಕೇಳಿಸಿತು. "ನಾನೇನಾದ್ರೂ ಅಸಲಿ ಅಂತ ಬರ್ಕೊಟ್ಟಿದೀನಾ ಅಣ್ಣ? ಗುರುತು ಹಾಕ್ದೋರು ನೀವು."

ಆಚಾರ್ರು ಫೋನನ್ನು ಮೇಜಿನ ಮೇಲಿಟ್ಟರು. ಅವರ ಅಪ್ಪನ ಕಾಲದಿಂದ ಆ ಎಲೆ ಎಷ್ಟು ಮನೆಗಳ ಒಳಗೆ, ಎಷ್ಟು ಕೊರಳುಗಳಲ್ಲಿ ಇತ್ತು. ಅದನ್ನು ನೋಡಿ ಮೋಸಹೋದೆ ಎಂದು ಹೇಳಿದ ಮೊದಲ ಮನುಷ್ಯ ಎದುರಿಗೆ ನಿಂತಿದ್ದ. ಆಚಾರ್ರು ವಾಚನ್ನು ಕರ್ಚೀಫಿನ ಸಮೇತ ತಮ್ಮ ಕಡೆಗೆ ಎಳೆದುಕೊಂಡರು.

"ಎಂಟ್ ದಿವ್ಸ ಬುಟ್ಟು ಬನ್ನಿ ಸ್ವಾಮಿ," ಎಂದರು.

ಅವರ ಹತ್ತಿರ ತಗಡಿನ ಡಬ್ಬಿಯೊಂದರಲ್ಲಿ ಹಳೆಯ ವಾಚುಗಳ ಬಿಡಿಭಾಗಗಳಿದ್ದವು. ಅದರಲ್ಲಿ ಅದೇ ಕಂಪನಿಯ ಒಂದು ನಿಜವಾದ ಡಯಲ್ಲಿತ್ತು. ಅಂಚಿನಲ್ಲಿ ಕಪ್ಪಾಗಿ, ಅಂಕಿಗಳು ಮಾಸಿದ್ದವು. ಕಾರಿನಲ್ಲಿ ಬರುವವರು ಅದಕ್ಕೆ ದೊಡ್ಡ ಬೆಲೆ ಕಟ್ಟಿದ್ದರೂ, "ಯಾವ್ದಾದ್ರೂ ವಾಚಿಗೆ ಬೇಕಾಗ್ತದೆ" ಎಂದು ಕೊಟ್ಟಿರಲಿಲ್ಲ. ಆ ವಾರ ಅದು ಮೇಷ್ಟ್ರ ವಾಚಿಗೆ ಬೇಕಾಯಿತು. ಕವಚಕ್ಕಾಗಿ ಬೆಂಗಳೂರಿಗೆ ಎರಡು ಸಲ ಬಸ್ಸಿನಲ್ಲಿ ಹೋಗಿ ಬಂದರು. ಹೊಂದುವುದು ಸಿಕ್ಕಿತು, ಹಿಂದಿನ ಮುಚ್ಚಳ ಮಾತ್ರ ಮೊದಲಿನದೇ ಉಳಿಯಿತು.

ಮೇಷ್ಟ್ರು ಬಂದು ನೋಡಿ ಹುಬ್ಬು ಗಂಟಿಕ್ಕಿದರು. "ಹೊಳೀತಿತ್ತಲ್ಲ, ಈಗ ಹಳೇದಾಗಿ ಕಾಣ್ತದೆ?"

"ಅಳೇದೇ ಸ್ವಾಮಿ. ಅದುಕ್ಕೇ ಅಸಲಿ."

ಆಮೇಲೆ ಆಚಾರ್ರು ಒಡವೆಗೆ ಒಪ್ಪ ಹಾಕುವ ನುಣುಪು ಕಡ್ಡಿಯೊಂದನ್ನು ತೆಗೆದರು. ಅಪ್ಪನದು. ಅದರಿಂದ ತಿಕ್ಕಿ ಮುಚ್ಚಳದೊಳಗಿನ ಎಲೆ ಅಳಿಸಲು ಹೊರಟರು. ಮೇಷ್ಟ್ರು ಕೈ ಅಡ್ಡ ಹಿಡಿದರು.

"ಬುಡಿ, ಇರ್ಲಿ. ಮುಂದಕ್ಕೆ ಕೆಟ್ರೆ ಎಲ್ಲಿಗ್ ತರ್ಬೇಕು ಅಂತ ಗೊತ್ತಾಗ್ಬೇಕಲ್ಲ."

ಅಷ್ಟು ಜನ ಆ ರಸ್ತೆಗೆ ಬಂದು ಹೋದರು. ಎಲೆಯನ್ನು ಸರಿಯಾಗಿ ಓದಿದವರು ಆ ಮೇಷ್ಟ್ರೊಬ್ಬರೇ. ಅದೂ ಮೋಸಹೋದ ಮೇಲೆ.

ಅವರೊಬ್ಬರಲ್ಲಿ ಮುಗಿಯಲಿಲ್ಲ. ಇನ್ನೂ ಮೂವರು ಬಂದರು. ಒಬ್ಬ ಬಾಯಿಗೆ ಬಂದಂತೆ ಬೈದ. ನಾಗಮಂಗಲ ಕಡೆಯವನೊಬ್ಬ ಅಂಗಡಿಯ ಮುಂದೆ ನಿಂತು, "ಇವನೇ ಆ ಎಲೆ ಕಳ್ಳ" ಎಂದು ವಿಡಿಯೊ ಮಾಡಿದ. ನಾನು ಕತ್ತರಿ ಹಿಡಿದುಕೊಂಡೇ ಹೊರಗೆ ಹೋಗಿ, "ಯಾಕ್ಲಾ, ಇವ್ರಾ ನಿಂಗೆ ಮಾರಿದ್ದು? ಮಾರ್ದೋನ್ ತಾವ ಓಗಿ ನಿಂತ್ಕೊಂಡು ವಿಡಿಯೊ ಮಾಡು ಓಗು" ಎಂದೆ. ಅದೂ ಅವನ ವಿಡಿಯೊದಲ್ಲಿ ಸೇರಿಕೊಂಡಿತು. ಆಚಾರ್ರು ಮಾತ್ರ ಯಾರಿಗೂ ಎದುರಾಡಲಿಲ್ಲ. ಮೂವರ ವಾಚುಗಳಲ್ಲೂ ಯಾವುದು ನಿಜ, ಯಾವುದು ಹೊಸತು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಹೋದವರಲ್ಲಿ ಇಬ್ಬರಿಗೆ ವ್ಯಾಪಾರಿ ಹಣ ವಾಪಸು ಕೊಟ್ಟನೆಂದು ಕೇಳಿದೆ.

ಗೌಡರು ಸಂಕಟಪಟ್ಟುಕೊಂಡು ಇನ್ನೊಂದು ವಿಡಿಯೊ ಮಾಡಿದರು. ಅದರಲ್ಲಿ ಆಚಾರ್ರು ನೇರವಾಗಿ ಕೂತು, ಎಲೆ ಎಂದರೆ ರಿಪೇರಿ ಮಾಡಿದ್ದೇನೆ ಎಂದು ಮಾತ್ರ, ವಾಚಿನ ಬೆಲೆಗೂ ಅದಕ್ಕೂ ಸಂಬಂಧವಿಲ್ಲ ಎಂದು ನಿಧಾನವಾಗಿ, ಪೂರ್ತಿಯಾಗಿ ಹೇಳಿದರು. ಅದನ್ನು ಯಾರೂ ಚಿಕ್ಕದು ಮಾಡಲಿಲ್ಲ. ಯಾರೂ ನೋಡಲೂ ಇಲ್ಲ.

ಒಂದು ಬೆಳಿಗ್ಗೆ ಅವರು ಗೋಡೆ ಸುತ್ತಿಕೊಂಡು ನನ್ನ ಕಡೆ ಬಂದರು. ಹಾಗೆ ಬರುವವರಲ್ಲ, ಕೂತಲ್ಲಿಂದಲೇ ಕೂಗುವವರು. ಕೈಯಲ್ಲಿ ಎಲೆ ಕೊರೆಯುವ ಸೂಜಿ, ಮರದ ಹಿಡಿ ಸವೆದು ಕಪ್ಪಾಗಿತ್ತು.

"ಇದುನ್ನ ನಿನ್ನ ಸೂಜಿ ಡಬ್ಬೀಲಿ ಮಡಿಕ್ಕ."

"ಯಾಕಣ್ಣ?"

"ಇನ್ಮೇಲೆ ಹಾಕಕಿಲ್ಲ. ನನ್ ಕಣ್ಮುಂದೆ ಇದ್ರೆ ಕೈ ಓಯ್ತದೆ."

ನಾನು ಜಗಳವಾಡಿದೆ. ತಪ್ಪು ಮಾಡಿದವನು ವ್ಯಾಪಾರಿ, ನೀವು ಯಾಕೆ ನಿಲ್ಲಿಸಬೇಕು ಎಂದೆ. ಅವರು ಬೆಂಚಿನ ಮೇಲೆ ಕೂತು ಕೇಳಿಸಿಕೊಂಡರು. "ನಾನು ಒಂದ್ ಮಾತ್ ಯೋಳ್ತೀನಿ, ಜನ ಇನ್ನೊಂದ್ ಕೇಳಿಸ್ಕತಾರೆ ಅಂದ್ರೆ, ಆ ಮಾತ್ ಆಡ್ದೆ ಇರೋದೇ ಸರಿ ಕಣವ್ವ" ಎಂದು ಹೇಳಿ ಎದ್ದು ಹೋದರು. ಸೂಜಿ ನನ್ನ ಡಬ್ಬಿಯಲ್ಲಿ ಬಿತ್ತು.

ಆಮೇಲೆ ಕೆಲಸವೇನೂ ನಿಲ್ಲಲಿಲ್ಲ. ಕಾರುಗಳು ಕಡಿಮೆಯಾದವು, ಅಷ್ಟೆ. ಮೊದಲಿನ ಹಾಗೆ ಶೆಲ್ಲು ಹಾಕಿಸುವವರು, ಬೆಲ್ಟು ಬದಲಿಸುವವರು ಬಂದರು. ಮರುವರ್ಷ ದುಬಾರಿ ವಾಚುಗಳ ಗಾಳಿಯೂ ಇಳಿಯಿತು. ಗೌಡರು ಜೋಲು ಮೋರೆ ಹಾಕಿಕೊಂಡು ಬಂದು, "ರೇಟು ಬಿದ್ದೋಯ್ತು ಆಚಾರ್ರೇ, ಈಗ ಕೇಳೋರೇ ಇಲ್ಲ" ಎಂದರು.

"ವಾಚ್ ನಡೀತಾ ಅದಾ?"

"ನಡೀತದೆ. ಅದುಕ್ಕೇನ್ ಬಂದದೆ."

"ಅಂಗಾದ್ರೆ ಇನ್ನಾದ್ರೂ ಆ ಪ್ಲಾಸ್ಟಿಕ್ ಕಿತ್ತಾಕಿ. ಒಸ ಮದ್ವಣಗಿತ್ತಿ ಸೆರಗು ಮುಚ್ಕೊಂಡಂಗೆ ಎಷ್ಟ್ ವರ್ಷ ಮಡಗ್ತೀರಿ?"

ಗೌಡರು ಉಗುರಿನಿಂದ ಅಂಚು ಎತ್ತಿ ಹಾಳೆ ಸುಲಿದರು. ಕೆಳಗಿನ ಸ್ಟೀಲು ಬೆಳಕಿಗೆ ಮಿಂಚಿತು. ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವರು ಆ ವಾಚನ್ನು ಕೊಂಡದ್ದು ಆ ದಿನ ಎಂದು ನಾನು ಹೇಳುತ್ತೇನೆ. ಈಗಲೂ ಕಟ್ಟಿಕೊಂಡೇ ಓಡಾಡುತ್ತಾರೆ, ಗಾಜಿನ ಮೇಲೆ ಒಂದು ಗೀರು ಕೂಡ ಬಿದ್ದಿದೆ.

ಆ ವರ್ಷ ನನ್ನ ವಾಚಿಗೆ ಎಣ್ಣೆ ಹಾಕಿಕೊಟ್ಟರು. ಎಲೆ ಹಾಕಲಿಲ್ಲ ಎಂದು ನನಗೆ ಗೊತ್ತು, ಸೂಜಿ ನನ್ನ ಹತ್ತಿರವೇ ಇತ್ತು. ಅದರ ಮುಂದಿನ ವರ್ಷ ಅದೇ ತಿಂಗಳು ವಾಚು ಬಿಚ್ಚಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಆ ಸೂಜಿ ಒಂದ್ಗಳಿಗೆ ಕೊಡವ್ವ" ಎಂದು ಕೂಗಿದರು. ಪ್ಲೈವುಡ್ಡಿನ ಮೇಲಿನಿಂದ ಚಾಚಿದ ಕೈಗೆ ಕೊಟ್ಟೆ. ಯಾವುದೋ ಸಂದಿಯ ಕೊಳೆ ತೆಗೆಯಲು ಇರಬೇಕು ಎಂದುಕೊಂಡೆ. ಅವತ್ತು ನನಗೆ ಎರಡು ಲಂಗದ ಕೆಲಸ ಇತ್ತು, ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಸೂಜಿ, ವಾಚು ಎರಡೂ ವಾಪಸು ಬಂದವು... ಕೇಳಬಹುದಿತ್ತು. ಕೇಳಲಿಲ್ಲ.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಹಿಂದಿನ ಸಂಜೆ ಅಂಗಡಿ ಮುಚ್ಚುವಾಗ ಚೆನ್ನಾಗಿಯೇ ಇದ್ದರು, ನಾಳೆ ಕಾಲರು ತಿರುಗಿಸಿಕೊಡು ಎಂದು ಒಂದು ಅಂಗಿ ಕೊಟ್ಟಿದ್ದರು. ಬೆಳಿಗ್ಗೆ ಪೆಟ್ರೋಲಿನ ವಾಸನೆ ಬರಲಿಲ್ಲ. ಹತ್ತು ಗಂಟೆಗೆ ಸುದ್ದಿ ಬಂತು. ಪಾಂಡವಪುರದಲ್ಲಿರುವ ಅವರ ಮಗಳು ಬಂದು ಗೋಡೆಯ ಗಡಿಯಾರಗಳನ್ನು ಇಳಿಸಿ, ಯಾರದು ಯಾರಿಗೆ ಎಂದು ವಿಚಾರಿಸಿ ತಲುಪಿಸಿದಳು. ಅಂಗಿಯನ್ನು ನಾನು ಹೊಲಿದೇ ಕೊಟ್ಟೆ. ಕಾರ್ಯದ ದಿನ ಎಡೆಯ ಮುಂದೆ ಇಟ್ಟರು.

ಮೊನ್ನೆ ಒಬ್ಬರು ಬೆಂಗಳೂರಿನಿಂದ ಬಂದಿದ್ದರು. ಸಂಸ್ಕಾರವಂತ ಮನುಷ್ಯ, ಹಳೆಯ ವಾಚು ಸಂಗ್ರಹಿಸುವವರು. ಆಚಾರ್ರು ಹೋದ ಮೇಲೆ ಎಲೆ ಇರುವ ವಾಚುಗಳಿಗೆ ಬೇಡಿಕೆ ಬಂದಿದೆಯಂತೆ. ಇನ್ನು ಮುಂದೆ ಹೊಸ ಎಲೆ ಹುಟ್ಟುವುದಿಲ್ಲವಲ್ಲ, ಅದಕ್ಕೆ. ಪಕ್ಕದ ಅಂಗಡಿಯವರ ಹತ್ತಿರ ಏನಾದರೂ ಇರಬಹುದು ಎಂದು ನನ್ನನ್ನು ಹುಡುಕಿಕೊಂಡು ಬಂದಿದ್ದರು. ನನ್ನ ಕೈಯ ವಾಚು ನೋಡಿ, ಒಳಗೆ ನೋಡಬಹುದೇ ಎಂದು ಕೇಳಿದರು. ನನಗೂ ನೋಡಬೇಕೆನಿಸಿತು. ಕೊಟ್ಟೆ.

ಅವರು ತಮ್ಮದೇ ಸಲಕರಣೆಯಿಂದ ಮುಚ್ಚಳ ತಿರುಗಿಸಿದರು. ಒಳಗೆ ಅಂಚಿನ ಸುತ್ತ ಸಾಲಾಗಿ ಎಲೆಗಳು. ಹತ್ತು ಎಲೆ, ಪಕ್ಕದಲ್ಲಿ ಅದೇ ತಿಂಗಳು, ಹತ್ತು ವರ್ಷ. ಆಮೇಲೆ ಒಂದು ಎಲೆಯಷ್ಟು ಜಾಗ ಖಾಲಿ. ಅದರಾಚೆ ಇನ್ನೊಂದು.

"ಇದು ಹೇಗೆ?" ಎಂದರು ಅವರು, ವರ್ಷವನ್ನು ಮತ್ತೆ ಓದಿ. "ಅವರು ಗುರುತು ಹಾಕೋದು ಬಿಟ್ಟ ಮೇಲಿನದು. ಇದು ಕೊನೆಯ ಎಲೆ ಇರಬೇಕು. ಅಮ್ಮಾ, ಬೆಲೆ ನೀವೇ ಹೇಳಿ."

ಭೂತಗನ್ನಡಿ ಇಸಿದುಕೊಂಡು ನಾನೂ ನೋಡಿದೆ. ಗೀರು ಉಳಿದ ಹತ್ತಕ್ಕಿಂತ ಆಳವಾಗಿರಲಿಲ್ಲ, ತೆಳುವಾಗಿಯೂ ಇರಲಿಲ್ಲ. ಕೈ ನಡುಗಿರಲಿಲ್ಲ. ಜನರಿಗೆ ಆಡುವುದನ್ನು ನಿಲ್ಲಿಸಿದ್ದ ಮಾತನ್ನು, ಸರಿಯಾಗಿ ಕೇಳಿಸಿಕೊಳ್ಳುತ್ತಾಳೆ ಎಂದು ನಂಬಿ ನನಗೆ ಇನ್ನೊಮ್ಮೆ ಹೇಳಿದ್ದರು. ನಾನು ಲಂಗ ಹೊಲಿಯುತ್ತ ಕೂತಿದ್ದೆ.

"ಮುಚ್ಚಪ್ಪ," ಎಂದೆ. "ದೂಳು ಬೀಳ್ತದೆ."

ಅವರು ಮುಚ್ಚಳ ಹಾಕಿ, ವಾಚನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟು ಹೋದರು.

ಎರಡು ತಿಂಗಳಿಂದ ಅದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿದೆ. ಎಣ್ಣೆ ಒಣಗಿರಬೇಕು. ಕೆಟ್ಟರೆ ನನ್ನ ಹತ್ತಿರವೇ ತಾ ಎಂದು ಒಳಗೆ ಹನ್ನೊಂದು ಸಲ ಬರೆದಿದೆ, ತೆಗೆದುಕೊಂಡು ಹೋಗಲು ಜಾಗವಿಲ್ಲ. ಮೈಸೂರಿನಲ್ಲಿ ಒಳ್ಳೆಯವರಿದ್ದಾರೆ ಎಂದು ಗೌಡರು ಹೇಳುತ್ತಾರೆ. ಇರಬಹುದು, ಒಂದು ದಿನ ಹೋಗುತ್ತೇನೆ. ಸದ್ಯಕ್ಕೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಮಿಷನ್ನಿನ ಮುಂದೆ ಕೂತು ವಾಚಿಗೆ ಕೀ ಕೊಡುತ್ತೇನೆ. ಮುಳ್ಳನ್ನು ನಾಲ್ಕು ನಿಮಿಷ ಮುಂದಕ್ಕೆ ತಿರುಗಿಸುತ್ತೇನೆ. ಆಮೇಲೆ ಕೆಲಸ ಶುರುಮಾಡುತ್ತೇನೆ.